ಹೊಟ್ಟೆ ಬಾಯಿ ಕಟ್ಟಿದ ಜಾಕಿ

ಬ್ರಿಟನ್ನಿನ ಜಾಕಿ, ಅಂದರೆ ಕುದುರೆ ರೇಸಿನ ಸವಾರ, ಲೆಸ್ಟರ್ ಪಿಗಟ್ ಹೆಸರು ಬಂದರೆ ಸಾಕು, ಎಲ್ಲರೂ ಅವನು ಗೆದ್ದ 9 ಡರ್ಬಿಗಳ (ಇಂಗ್ಲೆಂಡಿನ ಅತಿ ಹೆಸರಾಂತ ರೇಸ್) ಲೆಕ್ಕ ಹೇಳುತ್ತಾರೆ. ನನ್ನನ್ನು ಅದಕ್ಕಿಂತ ಜಾಸ್ತಿ ಕಾಡುವುದು ಅವನ ಊಟದ ತಟ್ಟೆ.

ಆಳು ಸುಮಾರು 5 ಅಡಿ 8 ಇಂಚು. ಜಾಕಿಗಳ ನಡುವೆ ನಿಂತರೆ ತಾಳೆಮರ! ಆ ಎತ್ತರಕ್ಕೆ 65 ಕಿಲೋ ಇದ್ದರೂ ಯಾರೂ ದಪ್ಪ ಅನ್ನುವುದಿಲ್ಲ. ಈತ ವರ್ಷಗಟ್ಟಲೆ 54 ಕಿಲೋ ಆಸುಪಾಸಿನಲ್ಲೇ ಇದ್ದ. ಫ್ಲಾಟ್ ರೇಸಿನಲ್ಲಿ, ಅಂದರೆ ಹಾರಬೇಕಾದ ಅಡೆತಡೆಗಳಿಲ್ಲದ ಓಟದಲ್ಲಿ, ಕುದುರೆ ಹೊರಬೇಕಾದ ಭಾರ ಮೊದಲೇ ನಿಗದಿಯಾಗಿರುತ್ತದೆ. ಜಾಕಿಯನ್ನು ಜೀನಿನ ಸಮೇತ ತೂಗುತ್ತಾರೆ. ಮೈ ಬಂತೋ, ಸವಾರಿ ಹೋಯಿತು. ನಾವು ಒಂದು ಏಕಾದಶಿ ಮಾಡಿದರೆ ಸಂಜೆ ಹೊತ್ತಿಗೆ ಮನೆಯವರ ಮೇಲೆಲ್ಲ ರೇಗುತ್ತೇವೆ, ಅಲ್ವಾ?

12ನೇ ವಯಸ್ಸಿಗೆ, 1948ರಲ್ಲಿ, ಇಂಗ್ಲೆಂಡಿನ ಹೇಡಾಕ್ ರೇಸ್ ಮೈದಾನದಲ್ಲಿ ಮೊದಲ ಗೆಲುವು. 18ಕ್ಕೆ ಎಪ್ಸಮ್‌ನಲ್ಲಿ ಮೊದಲ ಡರ್ಬಿ. 1970ರಲ್ಲಿ ನಿಜಿನ್‌ಸ್ಕಿ ಅನ್ನೋ ಕುದುರೆ ಮೇಲೆ ಕೂತು ಟ್ರಿಪಲ್ ಕ್ರೌನ್, ಅಂದರೆ ಒಂದೇ ವರ್ಷ ಮೂರು ದೊಡ್ಡ ರೇಸುಗಳ ಗೆಲುವು. ಬ್ರಿಟನ್ನಿನಲ್ಲಿ ಒಟ್ಟು 4,493 ಗೆಲುವು.

ಆದರೆ ಅವನ ಹಸಿವು ಬರೀ ಹೊಟ್ಟೆಯದಲ್ಲ. 1972ರ ಡರ್ಬಿಯಲ್ಲಿ ರಾಬರ್ಟೊ ಅನ್ನೋ ಕುದುರೆ ಮೇಲೆ ಕೂರಬೇಕಿದ್ದವನು ಇನ್ನೊಬ್ಬ ಜಾಕಿ, ಬಿಲ್ ವಿಲಿಯಮ್ಸನ್. ಕೆಲವು ದಿನ ಮುಂಚೆ ಬಿದ್ದು ಪೆಟ್ಟಾಗಿತ್ತು, ಚೇತರಿಸಿಕೊಂಡಿದ್ದ. ಆದರೂ ಮಾಲೀಕರು ಅವನನ್ನು ಇಳಿಸಿ ಪಿಗಟ್‌ನನ್ನು ಕೂರಿಸಿದರು. ಪಿಗಟ್ ಕೂದಲೆಳೆ ಅಂತರದಲ್ಲಿ ಗೆದ್ದ, ಜನ ತಣ್ಣಗಿದ್ದರು. ಅದೇ ದಿನ ವಿಲಿಯಮ್ಸನ್ ಬೇರೆ ರೇಸ್ ಗೆದ್ದಾಗ ಕೂಗಿದ್ದೇ ಕೂಗಿದ್ದು. ನನಗೂ ಆ ಜನರ ಕಡೆಯೇ ಒಲವು. ಅವಕಾಶ ಸಿಕ್ಕಿತು ಅಂತ ಇನ್ನೊಬ್ಬನ ತಟ್ಟೆಗೆ ಕೈ ಹಾಕಬಹುದೇ?

ದುಡ್ಡಿನ ವಿಷಯದಲ್ಲೂ ಹಾಗೇ. ಹೊಟ್ಟೆ ಬಾಯಿ ಕಟ್ಟಿ ಕೂಡಿಟ್ಟ, ಟ್ಯಾಕ್ಸ್ ಕಟ್ಟಲಿಲ್ಲ. 1987ರಲ್ಲಿ 3 ವರ್ಷ ಶಿಕ್ಷೆಯಾಗಿ, ಒಂದು ವರ್ಷ ಒಳಗಿದ್ದು ಬಂದ. ರಾಣಿ ಕೊಟ್ಟಿದ್ದ ಗೌರವವನ್ನೂ ವಾಪಸ್ ಪಡೆದರು. 'ಪಾಪ, ದೊಡ್ಡ ಆಟಗಾರ' ಅಂತ ಅಭಿಮಾನಿಗಳು ಇದನ್ನು ಜಾರಿಸಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಳ್ಳತನ ಕಳ್ಳತನವೇ.

ಇಷ್ಟೆಲ್ಲ ಬೈದವನು ಇನ್ನೊಂದು ಹೇಳಲೇಬೇಕು. 1990ರ ಅಕ್ಟೋಬರ್‌ನಲ್ಲಿ, 5 ವರ್ಷ ರೇಸ್ ಬಿಟ್ಟಿದ್ದವನು, 54ನೇ ವಯಸ್ಸಿನಲ್ಲಿ ಮತ್ತೆ ಜೀನು ಹತ್ತಿದ. ಅದಾಗಿ 12 ದಿನ ಅಷ್ಟೇ. ನ್ಯೂಯಾರ್ಕ್‌ನ ಬೆಲ್ಮಾಂಟ್ ಪಾರ್ಕ್‌ನಲ್ಲಿ ಅಮೆರಿಕದ ದೊಡ್ಡ ರೇಸುಗಳಲ್ಲೊಂದಾದ ಬ್ರೀಡರ್ಸ್ ಕಪ್ ಮೈಲ್, ಕುದುರೆಯ ಹೆಸರು ರಾಯಲ್ ಅಕಾಡೆಮಿ. ಹಿಂದೆ ಉಳಿದಿದ್ದ ಕುದುರೆಯನ್ನು ಕೊನೆಯಲ್ಲಿ ಎಳೆದುಕೊಂಡು ಬಂದು ಒಂದು ಕತ್ತಿನಷ್ಟು ಅಂತರದಲ್ಲಿ ಗೆಲ್ಲಿಸಿದ. ಆ ವಿಡಿಯೊ ಎಷ್ಟು ಸಲ ನೋಡಿದ್ದೇನೋ. ಗೆಲ್ಲುತ್ತಾನೆ ಅಂತ ಗೊತ್ತಿದ್ದೂ ಕೊನೆಯ ಫರ್ಲಾಂಗಿಗೆ ಕುರ್ಚಿಯಿಂದ ಎದ್ದುಬಿಟ್ಟಿರುತ್ತೇನೆ.