ಭೂಮಿ ಬಿಸಿಯಾಗಿದೆ, ಗ್ರಾಮರ್ ಸರಿಯಿದೆ

ಶಲ್ ಬೇರೆ, ಶುಡ್ ಬೇರೆ. ಶಾಲೆಯಲ್ಲಿ ಮೇಷ್ಟ್ರು ಇದನ್ನು ಹೇಳಿಕೊಡುವಾಗ ನಮಗೆಲ್ಲ ಆಕಳಿಕೆ ಬರ್ತಿತ್ತು. ಆದರೆ 2015ರ ಡಿಸೆಂಬರ್ 12ರಂದು, ಪ್ಯಾರಿಸ್ ಪಕ್ಕದ ಲ ಬುರ್ಜೆಯಲ್ಲಿ, ಸುಮಾರು ಇನ್ನೂರು ದೇಶಗಳ ಹವಾಮಾನ ಸಭೆ ಇದೇ ಪಾಠಕ್ಕೆ ನಿಂತುಹೋಯಿತು.

ಆಗಿದ್ದಿಷ್ಟು. ಒಪ್ಪಂದದ ಕೊನೆಯ ಕರಡಿನ ನಾಲ್ಕನೇ ವಿಧಿಯಲ್ಲಿ, ಹೊಗೆ ಕಡಿಮೆ ಮಾಡುವ ವಿಷಯದಲ್ಲಿ ಶ್ರೀಮಂತ ದೇಶಗಳಿಗೆ ಶಲ್, ಬಡ ದೇಶಗಳಿಗೆ ಶುಡ್ ಅಂತ ಬರೆದಿತ್ತು. ಶಲ್ ಅಂದರೆ ಮಾಡಲೇಬೇಕು. ಶುಡ್ ಅಂದರೆ ಮಾಡಿದರೆ ಒಳ್ಳೇದಪ್ಪ. ಅಮೆರಿಕದವರು ಹೌಹಾರಿದರು. ಶಲ್ ಉಳಿದರೆ ಒಪ್ಪಂದವನ್ನು ಅವರ ಸೆನೆಟ್ ಮುಂದೆ ಇಡಬೇಕಾಗುತ್ತಿತ್ತು, ಮತ್ತು ಆ ಸೆನೆಟ್ ಇಂಥದ್ದಕ್ಕೆ ಒಪ್ಪೋದು ಅಷ್ಟರಲ್ಲೇ ಇತ್ತು. ಪಿಸುಪಿಸು ನಡೆಯಿತು, ಸಭೆ ತಡವಾಯಿತು. ಕೊನೆಗೆ ಒಬ್ಬ ಅಧಿಕಾರಿ ಸಣ್ಣಪುಟ್ಟ ತಿದ್ದುಪಡಿಗಳ ಪಟ್ಟಿ ಓದುತ್ತಾ, ಅದರ ಮಧ್ಯೆ ಶಲ್ ಇದ್ದ ಕಡೆ ಶುಡ್ ಅಂತ ಓದಿಕೊಳ್ಳಿ ಎಂದುಬಿಟ್ಟರು. ಟೈಪಿಂಗ್ ಮಿಸ್ಟೇಕ್! ಸುತ್ತಿಗೆ ಟಕ್ ಅಂತು, ಚಪ್ಪಾಳೆ ಬಿತ್ತು, ಭೂಮಿ ಉಳಿಯಿತು. ನಮ್ಮಲ್ಲಿ ರೇಷನ್ ಕಾರ್ಡಿನ ಹೆಸರಲ್ಲಿ ಒಂದು ಕೊಂಬು ತಿದ್ದಿಸೋಕೆ ಎಷ್ಟು ಸಲ ಓಡಾಡಬೇಕು ಹೇಳಿ.

ಅದೇ ಪ್ಯಾರಿಸ್‌ನಲ್ಲಿ ನಷ್ಟ ಬೇರೆ, ಪರಿಹಾರ ಬೇರೆ ಅಂತಲೂ ಆಯಿತು. ಸಮುದ್ರ ಮನೆ ಬಾಗಿಲಿಗೆ ಬಂದಿದ್ದ ದ್ವೀಪದೇಶಗಳಿಗೆ ಲಾಸ್ ಅಂಡ್ ಡ್ಯಾಮೇಜ್ ಅನ್ನೋ ಪದಗಳು ಸಿಕ್ಕವು, ಅದಕ್ಕೇ ಅಂತ ಒಂದು ವಿಧಿಯೂ ಸಿಕ್ಕಿತು. ಜೊತೆಗಿನ ನಿರ್ಣಯದ 51ನೇ ಪ್ಯಾರಾ ಓದಬೇಕು ನೀವು: ಈ ವಿಧಿಯ ಆಧಾರದ ಮೇಲೆ ಲಯಬಿಲಿಟಿಯೂ ಇಲ್ಲ, ಕಾಂಪೆನ್ಸೇಷನ್ನೂ ಇಲ್ಲ, ಅಂದರೆ ಹೊಣೆಯೂ ಇಲ್ಲ, ಪರಿಹಾರವೂ ಇಲ್ಲ. ನಿಮಗೆ ನಷ್ಟ ಆಗಿದೆ ಸ್ವಾಮಿ, ಹಾನಿಯೂ ಆಗಿದೆ, ದುಡ್ಡಿನ ಮಾತು ಮಾತ್ರ ಎತ್ತಬೇಡಿ.

ಆದರೆ ನಿಜವಾದ ರಸಗವಳ ಸಿಕ್ಕಿದ್ದು 2021ರಲ್ಲಿ, ಗ್ಲಾಸ್ಗೋದ ಹವಾಮಾನ ಸಭೆಯಲ್ಲಿ. ಕಲ್ಲಿದ್ದಲನ್ನು ಫೇಸ್ ಔಟ್ ಮಾಡಬೇಕು, ಅಂದರೆ ಹಂತಹಂತವಾಗಿ ಪೂರ್ತಿ ಬಿಡಬೇಕು ಅಂತ ಕರಡಿನಲ್ಲಿತ್ತು. ಕೊನೇ ಗಳಿಗೆಯಲ್ಲಿ ನಮ್ಮ ಮಂತ್ರಿ ಭೂಪೇಂದರ್ ಯಾದವ್ ಎದ್ದು ಫೇಸ್ ಡೌನ್, ಅಂದರೆ ಹಂತಹಂತವಾಗಿ ಇಳಿಸೋದು ಅಂತ ಓದಿದರು. ಸಭೆಯ ಅಧ್ಯಕ್ಷ, ಬ್ರಿಟನ್ನಿನ ಅಲೋಕ್ ಶರ್ಮಾ ಕ್ಷಮೆ ಕೇಳುತ್ತಾ ಗದ್ಗದಿತರಾದರು. ಎಲ್ಲರ ಕಣ್ಣೂ ಭಾರತದ ಮೇಲೆ ಕೆಂಪಾಯಿತು. ಅಲ್ಲ, ಆ ಡೌನ್ ಅನ್ನೋ ಪದ ಕೆಲವೇ ದಿನ ಮುಂಚೆ ಅಮೆರಿಕ ಮತ್ತು ಚೀನಾ ಸೇರಿ ಹೊರಡಿಸಿದ ಜಂಟಿ ಹೇಳಿಕೆಯಲ್ಲೇ ಇತ್ತಲ್ವಾ? ಬರೆದಾಗ ಸುಮ್ನಿದ್ದವರೆಲ್ಲ ಓದಿದವನನ್ನು ಹಿಡಿದುಕೊಂಡರು. ಕಲ್ಲಿದ್ದಲನ್ನು ಹೆಸರು ಹಿಡಿದು ಬೈದ ಆ ಪತ್ರದಲ್ಲಿ ಪೆಟ್ರೋಲಿಗೂ ಗ್ಯಾಸಿಗೂ ಆ ಮರ್ಯಾದೆ ಸಿಕ್ಕಿರಲಿಲ್ಲ, ಅದನ್ನು ಕೇಳಿ ಯಾರೂ ಗದ್ಗದಿತರಾಗಲಿಲ್ಲ.

ಆ ವಾಕ್ಯವನ್ನು ಪೂರ್ತಿ ಬಿಡಿಸಿ ನೋಡಿದರೆ ಇನ್ನೂ ಮಜಾ. ಕಲ್ಲಿದ್ದಲು ಇಳಿಸುತ್ತೇವೆ ಅಂತ ಕೂಡ ಅದು ಹೇಳೋದಿಲ್ಲ. ಇಳಿಸುವ ದಿಕ್ಕಿನಲ್ಲಿ ನಡೆಯುವ ಪ್ರಯತ್ನಗಳಿಗೆ ವೇಗ ಕೊಡಬೇಕಂತೆ. ಅದೂ ಎಲ್ಲ ಕಲ್ಲಿದ್ದಲಲ್ಲ, ಅನ್‌ಅಬೇಟೆಡ್ ಕಲ್ಲಿದ್ದಲು, ಅಂದರೆ ಹೊಗೆ ಹಿಡಿದಿಡುವ ಯಂತ್ರ ಇಲ್ಲದ್ದು. ಹಾಗೇ ಪಳೆಯುಳಿಕೆ ಇಂಧನದ (ಕಲ್ಲಿದ್ದಲು, ಎಣ್ಣೆ, ಗ್ಯಾಸು) ಸಬ್ಸಿಡಿ ಪೂರಾ ನಿಲ್ಲಬೇಕು, ಆದರೆ ಇನ್‌ಎಫಿಷಿಯೆಂಟ್ ಸಬ್ಸಿಡಿ ಮಾತ್ರ. ತಾನು ಕೊಡೋ ಸಬ್ಸಿಡಿ ದಂಡ ಅಂತ ಒಪ್ಪಿಕೊಂಡ ಸರ್ಕಾರ ಯಾವುದಾದರೂ ಇದ್ದರೆ ತೋರಿಸಿ.

ಇತ್ತ ರಾಯಚೂರಿನ ಶಕ್ತಿನಗರದ ಬಾಯ್ಲರ್‌ಗಳಿಗೆ ಔಟೂ ಗೊತ್ತಿಲ್ಲ, ಡೌನೂ ಗೊತ್ತಿಲ್ಲ. 1985ರಿಂದ ಉರೀತಾನೇ ಇವೆ. ಏಪ್ರಿಲ್‌ನಲ್ಲಿ ಒಂದು ಗಂಟೆ ಕರೆಂಟ್ ಹೋದರೆ ಬೆಸ್ಕಾಂ, ಜೆಸ್ಕಾಂಗೆ ಫೋನ್ ಹಚ್ಚಿ ಕೂಗಾಡುವವರು ನಾವೇ, ಹಾಗಾಗಿ ಜಾಸ್ತಿ ಮಾತಾಡೋ ಹಾಗಿಲ್ಲ.

2023ಕ್ಕೆ ದುಬೈನಲ್ಲಿ, ಎಣ್ಣೆ ಕಂಪನಿಯೊಂದರ ಮುಖ್ಯಸ್ಥರೇ ಸಭಾಧ್ಯಕ್ಷರಾಗಿದ್ದಾಗ, ಔಟ್, ಡೌನ್ ಎರಡನ್ನೂ ಬಿಟ್ಟು ಹೊಸದೊಂದು ಹುಟ್ಟಿತು: ಪಳೆಯುಳಿಕೆ ಇಂಧನದಿಂದ ಟ್ರಾನ್ಸಿಷನಿಂಗ್ ಅವೇ. ಬಿಡೋದೂ ಅಲ್ಲ, ಇಳಿಸೋದೂ ಅಲ್ಲ, ಮೆಲ್ಲಗೆ ಆ ಕಡೆ ಸರಿಯೋದು. ಮುಂದಿನ ಪ್ಯಾರಾದಲ್ಲೇ ಟ್ರಾನ್ಸಿಷನಲ್ ಇಂಧನಕ್ಕೂ ಒಂದು ಪಾತ್ರ ಇದೆ ಅಂತ ಬರೆದಿದ್ದಾರೆ. ಅದೇನಪ್ಪಾ ಅಂದರೆ ಗ್ಯಾಸು. ಯಾವುದರಿಂದ ದೂರ ಸರಿಯಬೇಕೋ ಅದನ್ನೇ ಸುಡುತ್ತಾ ಸರಿಯಬಹುದು. ಒಂದೇ ಧಾತುವಿನಿಂದ ಎರಡು ಪದ ಮಾಡಿ ಎರಡೂ ಗುಂಪನ್ನು ನಗಿಸಿ ಮನೆಗೆ ಕಳಿಸಿದ ಆ ಪುಣ್ಯಾತ್ಮ ಯಾರೋ, ಅವರಿಗೆ ಒಂದು ದೊಡ್ಡ ನಮಸ್ಕಾರ.

2025ರಲ್ಲಿ ಬ್ರೆಜಿಲ್‌ನ ಬೆಲೆಂನಲ್ಲಿ ಪದದ ಜಗಳ ಪದವನ್ನೇ ನುಂಗಿಬಿಟ್ಟಿತು. ಅಂತಿಮ ಪತ್ರದಲ್ಲಿ ಪಳೆಯುಳಿಕೆ ಇಂಧನ ಅನ್ನೋ ಪದವೇ ಇಲ್ಲ. ಸಭೆಯ ಜಾಗದಲ್ಲಿ ಒಂದು ದಿನ ನಿಜವಾಗಲೂ ಬೆಂಕಿ ಬಿತ್ತು. ಆಗ ಓಡೋಕೆ ಯಾರೂ ಕರಡು ತಯಾರಿಸಲಿಲ್ಲ.

2026ರ ಸಭೆ ಟರ್ಕಿಯ ಅಂತಲ್ಯದಲ್ಲಿ. ಆತಿಥ್ಯ ಬೇಕು ಅಂತ ಟರ್ಕಿಯೂ ಆಸ್ಟ್ರೇಲಿಯಾವೂ ಹಟ ಹಿಡಿದಿದ್ದವು. ಕೊನೆಗೆ ಸಭೆ ಟರ್ಕಿಗೆ, ಮಾತುಕತೆ ನಡೆಸುವ ಅಧಿಕಾರ ಆಸ್ಟ್ರೇಲಿಯಾಕ್ಕೆ ಅಂತ ತೀರ್ಮಾನವಾಯಿತು. ಸಭೆ ಬೇರೆ, ಮಾತುಕತೆ ಬೇರೆ.