ಒಂದು ಬ್ರೇಕ್ ಲೈಟ್ ಬಲ್ಬಿಗೆ ಇಷ್ಟು ಪಾಡು ಯಾಕೆ?

ಕೊಡಗಿನ ಕಕ್ಕಡ ತಿಂಗಳ ಮಳೆ, ಸಂಪಾಜೆ ಘಾಟಿಯ ಮಂಜು. ಮುಂದಿನ ಕಾರಿನ ಬ್ರೇಕ್ ಲೈಟ್ ಉರಿಯದಿದ್ದರೆ ತಿರುವಿನಲ್ಲಿ ಹಿಂದಿನವರ ಗತಿಯೇನು? ಬಲ್ಬಿನ ಬೆಲೆ ಅಲ್ಪ. ಆದರೆ ಅದಕ್ಕಾಗಿ ಇಡೀ ಲ್ಯಾಂಪನ್ನೇ ಕಳಚುವ ಹಾಗೆ ಎಷ್ಟೋ ಕಾರುಗಳನ್ನು ಮಾಡಿದ್ದಾರಲ್ಲ, ಅದೇ ಸಿಟ್ಟು! ಡಿಕ್ಕಿ ತೆರೆದು ಸ್ಕ್ರೂ ಬಿಚ್ಚಿ, ಲ್ಯಾಂಪನ್ನು ನೇರ ಹಿಂದಕ್ಕೆ ಎಳೆಯಬೇಕು. ಮೀಟಿದರೆ ಪ್ಲಾಸ್ಟಿಕ್ ಕ್ಲಿಪ್ ಮುರಿಯುತ್ತದೆ.

ಬಲ್ಬನ್ನು ಒತ್ತಿ, ಎಡಕ್ಕೆ ತಿರುಗಿಸಿದರೆ ಬರುತ್ತದೆ. ಹಲವು ಕಾರುಗಳಲ್ಲಿರುವುದು 12 ವೋಲ್ಟಿನ, 21/5 ವ್ಯಾಟಿನ ಎರಡು ಫಿಲಮೆಂಟ್ (ಒಳಗೆ ಉರಿಯುವ ತಂತಿ) ಬಲ್ಬು, ಬ್ರೇಕಿಗೆ 21, ಹಿಂದಿನ ಪಾರ್ಕಿಂಗ್ ದೀಪಕ್ಕೆ 5; ಅದರ ಪಿನ್ನುಗಳು ಒಂದು ಮೇಲೆ, ಒಂದು ಕೆಳಗೆ. ಅಂಗಡಿಯವರು ಒಂದೇ ಫಿಲಮೆಂಟಿನದು ಕೊಟ್ಟು ‘ಎಲ್ಲಾ ಒಂದೇ’ ಅನ್ನುತ್ತಾರೆ. ಖಂಡಿತ ಅಲ್ಲ! ತುರುಕಿದರೆ ಹೋಲ್ಡರ್ ಹಾಳು.

ನಮ್ಮೂರಲ್ಲಿ ದೊಡ್ಡ ಶತ್ರು ತೇವ. ಲ್ಯಾಂಪಿನ ಅಂಚಿನ ಗ್ಯಾಸ್ಕೆಟ್ (ನೀರು ತಡೆಯುವ ಪಟ್ಟಿ) ಸಡಿಲವಾದರೆ ನೀರು ಒಳಹೊಕ್ಕು ಹೋಲ್ಡರಿಗೆ ಹಸಿರು ಕಿಲುಬು ಹಿಡಿಯುತ್ತದೆ. ಅರ್ತ್, ಅಂದರೆ ಕರೆಂಟು ಕಾರಿನ ಬಾಡಿ ಮೂಲಕ ವಾಪಸ್ ಹೋಗುವ ಸಂಪರ್ಕ, ಸರಿ ಸಿಗದಿದ್ದರೆ ಬ್ರೇಕ್ ಒತ್ತಿದಾಗ ಪಕ್ಕದ ಇಂಡಿಕೇಟರ್ ಮಂಕಾಗಿ ಉರಿಯುವುದೂ ಉಂಟು. ಆ ಕಿಲುಬನ್ನು ನಯವಾದ ಉಪ್ಪುಕಾಗದದಿಂದ ಉಜ್ಜದೆ ಬರೀ ಬಲ್ಬು ಬದಲಿಸಿ ಕಳಿಸುವುದು ಕೆಲಸವೇ ಅಲ್ಲ. ಎರಡೂ ಬದಿ ಒಟ್ಟಿಗೆ ಹೋಗಿದ್ದರೆ ಮೊದಲು ಫ್ಯೂಸ್, ಆಮೇಲೆ ಪೆಡಲ್ ಮೇಲಿನ ಸ್ವಿಚ್ ನೋಡಿ.