ಬೆಟ್ಟಕ್ಕೊಂದು ಸ್ಲಾಟು

ನಮ್ಮ ಕಡೆ ಹಿಂದೆ ಬೆಟ್ಟ ಹತ್ತುತ್ತಿದ್ದವರಲ್ಲಿ ಎರಡೇ ಜಾತಿ. ಹರಕೆ ಹೊತ್ತವರು, ಇಲ್ಲದಿದ್ದರೆ ತಪ್ಪಿಹೋದ ದನ ಹುಡುಕುವವರು. ಈಗ ಮೂರನೆಯದು ಹುಟ್ಟಿಕೊಂಡಿದೆ, ಟ್ರೆಕ್ಕರ್. ಇವನಿಗೆ ಹರಕೆಯೂ ಇಲ್ಲ, ದನವೂ ಇಲ್ಲ. ಒಂದು ಓಟಿಪಿ ಬಂದರೆ ಸಾಕು, ಜನ್ಮ ಪಾವನ.

ಮೊನ್ನೆ ಮಂಗಳೂರಿನ ಉರ್ವದ ನಮ್ಮ ಮನೆಗೆ ಅಕ್ಕನ ಮಗ ಬಂದ. "ಮಾವ, ಈ ವಾರ ಬೆಟ್ಟಕ್ಕೆ ಹೋಗುವನಾ?"

"ಹೋಗುವ, ಅದಕ್ಕೆಂತ. ಬೆಳಿಗ್ಗೆ ಬೇಗ ಹೊರಟರಾಯ್ತು."

"ಹಾಗೆಲ್ಲ ಹೊರಡ್ಲಿಕ್ಕೆ ಆಗುದಿಲ್ಲ ಮಾವ. ಮೊದಲು ಸ್ಲಾಟ್ ಸಿಗ್ಬೇಕು."

ಮುಂಬಯಿಗೆ ಮತ್ಸ್ಯಗಂಧದ ತತ್ಕಾಲ್ ಟಿಕೆಟ್ ಹಿಡಿದು ಪಳಗಿದ ಕೈ ನನ್ನದು. ಆದರೂ ಆ ದಿನ ಬೆವರಿಳಿಯಿತು. ಹೆಸರು, ವಯಸ್ಸು, ಆಧಾರ್, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು, ಎಲ್ಲ ತುಂಬಿಸುವಷ್ಟರಲ್ಲಿ ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಅರ್ಧ ಗಂಟೆ ಅದರ ದರ್ಶನ ಮಾಡಿದ ಮೇಲೆ ಎರಡು ಟಿಕೆಟ್ ಸಿಕ್ಕಿತು. ಯಾವ ಬೆಟ್ಟದ್ದು ಅಂತ ಹೇಳುವುದಿಲ್ಲ ಮಾರಾಯ್ರೆ, ಪುನಃ ಹೋಗಲಿಕ್ಕೆ ಉಂಟು.

ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ನುಗ್ಗಿದ ಜನರನ್ನು ನೋಡಿದವರಿಗೆ, ಕುಕ್ಕೆಯ ಚಂಪಾಷಷ್ಠಿಯೇ ರಥಬೀದಿ ಬಿಟ್ಟು ಬೆಟ್ಟ ಹತ್ತಿದೆಯೋ ಎನಿಸಿರಬೇಕು. ಆಮೇಲೆಯೇ ಚಾರಣಕ್ಕೆ ತಾತ್ಕಾಲಿಕ ತಡೆ, ಆನ್‌ಲೈನ್ ಬುಕಿಂಗ್ ಎಲ್ಲ ಬಂದದ್ದು. ಕುದುರೆಮುಖಕ್ಕೂ ಈಗ ದಿನಕ್ಕೆ 300 ಜನ. ಶೋಲಾ ಕಾಡು, ಹುಲ್ಲುಗಾವಲು ಬಹಳ ನಾಜೂಕು, ಮುನ್ನೂರ ಒಂದನೆಯವನ ಕಾಲು ಬಿದ್ದರೆ ಅದಕ್ಕೆ ನೋವಾಗುತ್ತದೆ. ಒಪ್ಪಿದೆ.

ನನಗೆ ಅರ್ಥವಾಗದ್ದು ಇಷ್ಟೇ, ಈ ನೋವು ಕಾಲಿನಿಂದ ಮಾತ್ರ ಆಗುವುದು ಹೇಗೆ? ಕುದುರೆಮುಖ ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾದದ್ದು 1987ರಲ್ಲಿ. ಅದರ ಮಗ್ಗುಲಲ್ಲೇ ಗುಡ್ಡ ಅಗೆದು ಅದಿರು ತೆಗೆಯುವುದು ನಿಂತದ್ದು 2005ರ ಕೊನೆಗೆ, ಅದೂ ಸುಪ್ರೀಂ ಕೋರ್ಟು ಹೇಳಿದ ಮೇಲೆ. ಅಷ್ಟು ವರ್ಷ ಆ ಬೆಟ್ಟ ಕೆಸರಾಗಿ, 67 ಕಿಲೋಮೀಟರ್ ಪೈಪಿನೊಳಗೆ ಘಟ್ಟ ಇಳಿದು, ನಮ್ಮ ಪಣಂಬೂರಿಗೆ ಬಂದು ಹಡಗು ಹತ್ತಿತು. ನಾವು ಬೆಟ್ಟಕ್ಕೆ ಹೋಗುವ ಕಷ್ಟವೇ ಇರಲಿಲ್ಲ, ಬೆಟ್ಟವೇ ನಮ್ಮಲ್ಲಿಗೆ ಬರುತ್ತಿತ್ತು. ಅದರ ಆಧಾರ್ ಕೇಳಿದವರನ್ನು ನಾನು ಕಾಣೆ.

ಎತ್ತಿನಹೊಳೆಯದ್ದು ಇನ್ನೂ ಚಂದ. ನೇತ್ರಾವತಿಯ ಮೇಲ್ಭಾಗದಿಂದ 24 ಟಿಎಂಸಿ ನೀರನ್ನು ಬಯಲುಸೀಮೆಗೆ ಒಯ್ಯುವ ಈ ಯೋಜನೆಯ ಅಂದಾಜು ವೆಚ್ಚ 2012ರಲ್ಲಿ 8,323 ಕೋಟಿ ಇತ್ತು. 2023ಕ್ಕೆ ಅದು 23,251 ಕೋಟಿ ಮುಟ್ಟಿತು. ಪಶ್ಚಿಮ ಘಟ್ಟದಲ್ಲಿ ಇಷ್ಟು ಎತ್ತರ ಹತ್ತಿದ ಟ್ರೆಕ್ಕರ್ ಇನ್ನೊಬ್ಬನಿಲ್ಲ. ಸ್ಲಾಟೂ ಬೇಡ, ಗೈಡೂ ಬೇಡ, ಸಂಜೆಯೊಳಗೆ ಇಳಿದು ಬರಬೇಕೆಂಬ ನಿರ್ಬಂಧವೂ ಇಲ್ಲ!

ಇರಲಿ, ನಮ್ಮ ಬೆಟ್ಟಕ್ಕೆ ಬರುವ. ಟಿಕೆಟ್ ಇದ್ದದ್ದು ಮೊಬೈಲಿನಲ್ಲಿ, ಗೇಟು ಇದ್ದದ್ದು ನೆಟ್‌ವರ್ಕ್ ಇಲ್ಲದ ಜಾಗದಲ್ಲಿ. ಅಳಿಯ ಪಕ್ಕದ ಬಂಡೆ ಹತ್ತಿ, ಕೈ ಎತ್ತಿ, ಒಂಟಿ ಕಾಲಲ್ಲಿ ನಿಂತ. ಕಾರ್ಕಳದ ಬಾಹುಬಲಿಯೂ ಎರಡು ಕಾಲಲ್ಲಿ ನಿಂತಿದ್ದಾನೆ. ಕೊನೆಗೆ ಒಂದು ಕಡ್ಡಿ ಸಿಗ್ನಲ್ ಬಂದು ಟಿಕೆಟ್ ತೆರೆದುಕೊಂಡಿತು.

ಮುಂದೆ ಚೀಲದ ತಪಾಸಣೆ. ಬಿಸ್ಕೆಟ್ ನಾಲ್ಕು ಪ್ಯಾಕೆಟ್, ಹಲಸಿನಕಾಯಿ ಚಿಪ್ಸ್ ಎರಡು, ನನ್ನ ಕೋಡುಬಳೆ ಒಂದು. ಒಟ್ಟು ಏಳು ಪ್ಲಾಸ್ಟಿಕ್ ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿಸಿಕೊಂಡರು. ವಾಪಸು ಬರುವಾಗ ಏಳೂ ತೋರಿಸಬೇಕು. ಅಕ್ಕ ಬಾಳೆಲೆಯಲ್ಲಿ ಕಟ್ಟಿಕೊಟ್ಟ ಪತ್ರೊಡೆಯನ್ನು ಮೂಸಿ ನೋಡಿ ಒಳಗೆ ಬಿಟ್ಟರು. ಆ ಮನುಷ್ಯನ ಕಣ್ಣು ಅದರ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತ್ತೆಂದು ನನ್ನ ಗುಮಾನಿ.

ಒಳಗೆ ಹೋದರೆ, ಪ್ರಶಾಂತತೆ ಹುಡುಕಿ ಬಂದ ಹನ್ನೆರಡು ಯುವಕರು ಸ್ಪೀಕರಿನಲ್ಲಿ ಡಿಜೆ ಹಚ್ಚಿಕೊಂಡು ನಡೆಯುತ್ತಿದ್ದರು. ಸ್ಪೀಕರು ಪ್ಲಾಸ್ಟಿಕ್ ಲೆಕ್ಕಕ್ಕೆ ಬರುವುದಿಲ್ಲವಂತೆ. ತುದಿಯಲ್ಲಿ ಒಂದು ಬಂಡೆ, ಅದರ ಮೇಲೆ ಕ್ಯಾಮೆರಾಕ್ಕೆ ಬೆನ್ನು ಹಾಕಿ ಎರಡು ಕೈ ಅಗಲಿಸಿ ನಿಲ್ಲಲು ಉದ್ದದ ಕ್ಯೂ. ಎದುರಿಗಿದ್ದ ಕಣಿವೆಯನ್ನು ಯಾರೂ ನೋಡಿದ್ದು ಕಾಣೆ. ಅದಕ್ಕೆ ಕ್ಯೂ ಇರಲಿಲ್ಲ, ಹಾಗಾಗಿ ಮರ್ಯಾದೆಯೂ ಇಲ್ಲ. ಇಡೀ ಕಾಡಿನಲ್ಲಿ ಟಿಕೆಟ್ ಕೇಳದೆ ನಮ್ಮನ್ನು ಹತ್ತಿರ ಸೇರಿಸಿಕೊಂಡದ್ದು ರಕ್ತ ಹೀರುವ ಉಂಬಳ ಮಾತ್ರ.

ಇಳಿಯುವಾಗ ದಾರಿಯುದ್ದಕ್ಕೂ ಬಿದ್ದಿದ್ದ ಪ್ಯಾಕೆಟುಗಳನ್ನು ಅಳಿಯ ಹೆಕ್ಕುತ್ತಾ ಬಂದ. ಗೇಟಿನಲ್ಲಿ ಚೀಲ ಸುರಿದಾಗ ಹತ್ತೊಂಬತ್ತು ಆಯಿತು.

"ನಿಮ್ಮದು ಏಳಲ್ವಾ?" ಎಂದರು ಗೇಟಿನವರು.

"ಹೌದು ಸಾರ್. ಉಳಿದದ್ದು ದಾರಿಯಲ್ಲಿ ಹೆಕ್ಕಿದ್ದು."

ಅವರು ರಿಜಿಸ್ಟರನ್ನು ಹಿಂದೆ ಮುಂದೆ ತಿರುಗಿಸಿದರು. ಕಡಿಮೆಯಾದರೆ ದಂಡ ಬರೆಯಲು ಜಾಗ ಇತ್ತು. "ಹೆಚ್ಚಾದರೆ ಬರೆಯಲಿಕ್ಕೆ ಕಾಲಂ ಇಲ್ಲ ಮಾರಾಯ್ರೆ. ನಾಳೆ ಮೇಲಿನವರು ಬಂದು ಕೇಳಿದ್ರೆ ಲೆಕ್ಕ ಎಲ್ಲಿಂದ ಕೊಡುದು?"

"ಹಾಗಾದ್ರೆ ಹನ್ನೆರಡನ್ನು ಇದ್ದಲ್ಲಿಯೇ ಇಟ್ಟು ಬರ್ಲಾ ಸಾರ್?" ಎಂದ ಅಳಿಯ.

ಅವರು ನಗಲಿಲ್ಲ. ಗಡಿಯಾರ ನೋಡಿದರು. "ಈಗ ಒಳಗೆ ಬಿಡ್ಲಿಕ್ಕಿಲ್ಲ, ಟೈಮ್ ಆಯ್ತು. ನಾಳೆಗೆ ಸ್ಲಾಟ್ ಉಂಟಾ ನೋಡಿ."